ಎಷ್ಟು ಹೊರಬಲ್ಲೆವೋ ಅಷ್ಟೇ ದೂರ: ಡಾಲ್ಟನ್ ಹೈವೇಗೆ ನಮ್ಮ ತಯಾರಿ

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಿಂದ ಆರ್ಕ್ಟಿಕ್ ಸಮುದ್ರದ ಕಡೆಗೆ ಇರುವ ರಸ್ತೆ ಒಂದೇ. ಊರು ಬಿಟ್ಟು 84 ಮೈಲಿ ಹೋದ ಮೇಲೆ, ಲಿವೆನ್‌ಗುಡ್ ಹತ್ತಿರ, ಡಾಲ್ಟನ್ ಹೈವೇ ಶುರುವಾಗುತ್ತದೆ. ಅಲ್ಲಿಂದ ರಸ್ತೆಯ ಉತ್ತರ ತುದಿಯ ಡೆಡ್‌ಹಾರ್ಸ್ ತನಕ 414 ಮೈಲಿ, ಅಂದರೆ 666 ಕಿಲೋಮೀಟರ್. ಅಲಾಸ್ಕಾದ ಎಣ್ಣೆ ಪೈಪ್‌ಲೈನ್ ಹಾಕಲು 1974ರಲ್ಲಿ ಅವಸರದಲ್ಲಿ ಮಾಡಿದ ಲಾರಿ ರಸ್ತೆ ಇದು. ಪೂರ್ತಿ ಉದ್ದಕ್ಕೂ ಸಾಮಾನ್ಯ ಜನರಿಗೆ ತೆರೆದದ್ದು 1994ರಲ್ಲಿ. ಹಳಬರು ಇವತ್ತಿಗೂ ಅದನ್ನು 'ಹಾಲ್ ರೋಡ್', ಅಂದರೆ ಸಾಮಾನು ಸಾಗಿಸುವ ರಸ್ತೆ, ಎಂದೇ ಕರೆಯುತ್ತಾರೆ.

ಆಗಸ್ಟ್ ಕೊನೆಗೆ ನಾನು ಮತ್ತು ನನ್ನ ಜೊತೆ ಲ್ಯಾಬ್‌ನಲ್ಲಿ ಕೆಲಸ ಮಾಡುವ ಗೆಳತಿ ಈ ದಾರಿಯಲ್ಲಿ ಕ್ಯಾರಿಬೂ (ಉತ್ತರದ ಚಳಿನಾಡಿನ ದೊಡ್ಡ ಜಿಂಕೆ) ಬೇಟೆಗೆ ಹೊರಟಿದ್ದೇವೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು. ನಾನು ಕೊಡಗಿನವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಊರಿನ ಕಸಿನ್‌ಗಳು ವಾಟ್ಸಾಪ್‌ನಲ್ಲಿ ಕೇಳುವುದು ಒಂದೇ ಪ್ರಶ್ನೆ: ಯಾವ ಕೋವಿ ತಗೊಂಡು ಹೋಗ್ತೀಯ? ಕೋವಿ ಅಲ್ಲ, ಬಿಲ್ಲು ಎಂದರೆ ನಂಬುವುದಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದುಬಿಡೋಣ ಎನಿಸಿತು. ಕ್ಯಾಂಪಿಂಗ್‌ಗೆ ಅಂತ ಮಾತ್ರ ಆ ಕಡೆ ಹೋಗುವವರಿಗೂ ರಸ್ತೆಯ ಭಾಗ ಉಪಯೋಗಕ್ಕೆ ಬರಬಹುದು.

ಮೊದಲು ಬಿಲ್ಲಿನ ವಿಷಯ. ಯೂಕಾನ್ ನದಿ ದಾಟಿದ ಮೇಲೆ, ರಸ್ತೆಯ ಎರಡೂ ಪಕ್ಕ ಐದೈದು ಮೈಲಿ ಅಗಲದ ಪಟ್ಟಿಯಲ್ಲಿ ಬಂದೂಕಿನಿಂದ ಬೇಟೆ ಆಡುವಂತಿಲ್ಲ. ಬಿಲ್ಲು ಬಾಣ ಮಾತ್ರ. ಅದಕ್ಕೂ ಬಿಲ್ಲುಬೇಟೆಯ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಪಡೆದಿರಬೇಕು. ನಾಲ್ಕು ಚಕ್ರದ ಎಟಿವಿ ಇಳಿಸಿ ಬಯಲಲ್ಲಿ ಓಡಿಸುವಂತೆಯೂ ಇಲ್ಲ. ರೈಫಲ್ ಬೇಕೇ ಬೇಕು ಎನ್ನುವವರು ಐದು ಮೈಲಿ ನಡೆದು, ಪಟ್ಟಿ ದಾಟಿ, ಆಮೇಲೆ ಬೇಟೆ ಆಡಬಹುದು.

ಐದು ಮೈಲಿ ತಾನೇ, ಎಂಟು ಕಿಲೋಮೀಟರ್, ಬೆಳಿಗ್ಗೆ ವಾಕಿಂಗ್ ಹೋದ ಹಾಗೆ ಹೋಗಿಬರಬಹುದು ಎಂದು ಹೊಸಬರಿಗೆ ಅನಿಸುತ್ತದೆ. ಟಂಡ್ರಾ ನೆಲವನ್ನು ಕಾಲಲ್ಲಿ ತುಳಿದವರಿಗೆ ಹಾಗೆ ಅನಿಸುವುದಿಲ್ಲ. ಅಲ್ಲಿ 'ಟಸಕ್' ಅಂತ ಹುಲ್ಲಿನ ಗಡ್ಡೆಗಳಿವೆ. ಮೊಣಕಾಲೆತ್ತರ ಬರುತ್ತವೆ, ಮೇಲೆ ಕಾಲಿಟ್ಟರೆ ಪಕ್ಕಕ್ಕೆ ವಾಲುತ್ತವೆ. ನಡುವೆ ಕಾಲಿಟ್ಟರೆ ನೀರು. ಕೆಳಗೆ ನೆಲ ವರ್ಷವಿಡೀ ಹೆಪ್ಪುಗಟ್ಟಿರುವುದರಿಂದ ಮಳೆ ನೀರು, ಹಿಮ ಕರಗಿದ ನೀರು ಇಂಗಲು ಜಾಗವಿಲ್ಲ, ಮೇಲೆಯೇ ನಿಂತಿರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಉತ್ತ ಗದ್ದೆಗೆ ಅಡ್ಡಲಾಗಿ ನಡೆಯುವುದೇ ಇದಕ್ಕಿಂತ ಸುಲಭ.

ಈಗ ಲೆಕ್ಕ ಹಾಕಿ. ಬೆಳೆದ ಗಂಡು ಕ್ಯಾರಿಬೂ 350-400 ಪೌಂಡ್ ತೂಗುತ್ತದೆ. ಮೂಳೆ ಬಿಡಿಸಿದ ಮೇಲೂ ಮಾಂಸ ನೂರು ಪೌಂಡ್ ಆಸುಪಾಸು, ಅಂದರೆ 45 ಕಿಲೋ. ಜೊತೆಗೆ ಚೀಲ, ನೀರು, ಬಟ್ಟೆ. ಒಬ್ಬರೇ ಹೋಗಿ ಐದು ಮೈಲಿಯಾಚೆ ಒಂದು ಪ್ರಾಣಿ ಹೊಡೆದು, ಮಾಂಸವನ್ನು ಮೂರು ಹೊರೆ ಮಾಡಿದರೆ ಒಟ್ಟು ಮೂವತ್ತು ಮೈಲಿ ನಡೆಯಬೇಕು. ಅದರಲ್ಲಿ ಅರ್ಧ ಬೆನ್ನ ಮೇಲೆ ಭಾರ ಹೊತ್ತು. ಇಬ್ಬರಿದ್ದು ತಲಾ ಎರಡು ಹೊರೆ ಮಾಡಿದರೂ ಒಬ್ಬೊಬ್ಬರಿಗೆ ಇಪ್ಪತ್ತು ಮೈಲಿ. ಅಷ್ಟು ಹೊತ್ತು ಉಳಿದ ಮಾಂಸ ಬಯಲಲ್ಲಿ ಬಿದ್ದಿರುತ್ತದೆ. ಕಂದು ಕರಡಿಗೆ ಅದರ ವಾಸನೆ ಮೈಲಿಗಟ್ಟಲೆ ದೂರದಿಂದ ಸಿಗುತ್ತದೆ.

ನಾವಿಬ್ಬರೂ ತಯಾರಿಯ ಮೊದಲ ದಿನವೇ ಕೂತು ತೀರ್ಮಾನಿಸಿದ್ದು ಇದನ್ನೇ. ರಸ್ತೆಯಿಂದ ಎರಡು ಮೈಲಿ ಆಚೆಗೆ ಬಾಣ ಬಿಡುವುದಿಲ್ಲ. ಎಂಥ ಕೊಂಬಿನ ಗಂಡು ಕಂಡರೂ ಸರಿ. ಬಿಲ್ಲು, ಬೂಟು, ಐಸ್ ಬಾಕ್ಸು, ರಜೆ ಎಲ್ಲವೂ ಆ ಎರಡು ಮೈಲಿಯಿಂದಲೇ ಹೊರಟಿದೆ. ಬೇಟೆಗೆ ಹೋಗುವವರು ಬಿಲ್ಲಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಹೊರೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಹೊರೆಯೇ ದೊಡ್ಡದು. ಒಂದು ಜೀವ ತೆಗೆದ ಮೇಲೆ ಅದರ ಮಾಂಸದಲ್ಲಿ ಒಂದು ಹಿಡಿಯನ್ನೂ ಅಲ್ಲಿ ಬಿಟ್ಟು ಬರಲು ನನಗೆ ಮನಸ್ಸಿಲ್ಲ.

ಕಾನೂನೂ ಅದನ್ನೇ ಹೇಳುತ್ತದೆ. ಅಲಾಸ್ಕಾದಲ್ಲಿ ಕ್ಯಾರಿಬೂ ಹೊಡೆದವರು ಮುಂಗಾಲು, ಹಿಂಗಾಲು, ಬೆನ್ನು, ಕತ್ತು, ಎದೆ, ಪಕ್ಕೆಲುಬಿನ ಮಾಂಸ ಎಲ್ಲವನ್ನೂ ಹೊತ್ತು ತರಲೇಬೇಕು. ಬಿಟ್ಟು ಬಂದರೆ ಅಪರಾಧ. ಕೊಂಬನ್ನು ಮೊದಲು ಹೊತ್ತು ತರುವ ಹಾಗೂ ಇಲ್ಲ. ಮಾಂಸದ ಕೊನೆಯ ಹೊರೆಯ ಜೊತೆ ಮಾತ್ರ ಕೊಂಬು ಬರಬಹುದು. ಬೇಟೆಯ ಮಾಂಸ ಮಾರುವುದು ನಿಷಿದ್ಧ. ತಿನ್ನಬಹುದು, ಹಂಚಬಹುದು. ನನಗೆ ಈ ರಾಜ್ಯದ ಮೇಲೆ ಗೌರವ ಹುಟ್ಟಿಸಿದ ನಿಯಮಗಳಲ್ಲಿ ಇವು ಮುಖ್ಯವಾದವು.

ಬಿಲ್ಲು ಎಂದೆನಲ್ಲ. ಇಲ್ಲಿ ಕ್ಯಾರಿಬೂಗೆ ಬಿಲ್ಲಿನ ಎಳೆತ, ಅಂದರೆ ಹೆದೆ ಎಳೆಯಲು ಬೇಕಾದ ಬಲ, ಕಡಿಮೆ ಎಂದರೆ 40 ಪೌಂಡ್ ಇರಬೇಕು, ಮೂಸ್ ಮತ್ತು ಕಂದು ಕರಡಿಗೆ 50. ನನ್ನ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವಂಥದ್ದು) 45ಕ್ಕೆ ಇದೆ. ಅದಕ್ಕಿಂತ ಜಾಸ್ತಿ ಎಳೆಯಬಲ್ಲೆ, ಆದರೆ ಚಳಿಯಲ್ಲಿ, ಒದ್ದೆ ಬಟ್ಟೆಯಲ್ಲಿ, ಹೊಟ್ಟೆಯ ಮೇಲೆ ತೆವಳಿ ಬಂದು ಮೊಣಕಾಲೂರಿ ಎಳೆಯುವಾಗ ಕೈ ನಡುಗಬಾರದು. ಮೈದಾನದಲ್ಲಿ ನಿಂತು ಹೊಡೆಯುವುದು ಒಂದು, ಮೊಣಕಾಲಲ್ಲಿ ಕೂತು ಗಾಳಿ ಬೀಸುವಾಗ ಹೊಡೆಯುವುದು ಇನ್ನೊಂದು. ಜೂನ್‌ನಿಂದ ನಾನು ಹೆಚ್ಚಾಗಿ ಕೂತೇ ಅಭ್ಯಾಸ ಮಾಡಿದ್ದೇನೆ. ಬೆನ್ನಿಗೆ ಚೀಲ ಹಾಕಿಕೊಂಡು, ಕೈಗವಸು ಹಾಕಿಕೊಂಡು, ಗಾಳಿ ಬೀಸುವ ಸಂಜೆಗಳನ್ನೇ ಹುಡುಕಿ.

ನನ್ನ ಮಿತಿ 35 ಗಜ. ಬ್ರೂಕ್ಸ್ ಪರ್ವತಸಾಲು ದಾಟಿದ ಮೇಲೆ ಮರಗಳೇ ಇಲ್ಲ. ಹಳ್ಳದ ಅಂಚಿನಲ್ಲಿ ವಿಲ್ಲೋ ಪೊದೆ, ಅಲ್ಲಿ ಇಲ್ಲಿ ಸಣ್ಣ ದಿಬ್ಬ, ಅಷ್ಟೇ ಮರೆ. ಹಾಗಾಗಿ 60, 70 ಗಜದಿಂದ ಬಾಣ ಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಅಷ್ಟು ದೂರಕ್ಕೆ ಬಾಣ ತಲುಪುವುದರೊಳಗೆ ಪ್ರಾಣಿ ಒಂದು ಹೆಜ್ಜೆ ಇಟ್ಟರೆ ಸಾಕು, ಎದೆಗೆ ಬೀಳಬೇಕಾದದ್ದು ಹೊಟ್ಟೆಗೆ ಬೀಳುತ್ತದೆ. ಗಾಯಗೊಂಡ ಕ್ಯಾರಿಬೂ ಹಿಂಡಿನ ಜೊತೆ ಓಡುತ್ತಲೇ ಇರುತ್ತದೆ. ನಾನು ಅದನ್ನು ಮಾಡಲಾರೆ. ಬರಿಗೈಯಲ್ಲಿ ವಾಪಸ್ ಬರುವುದು ಅದಕ್ಕಿಂತ ಎಷ್ಟೋ ವಾಸಿ.

ಗಂಡನ್ನು ಮಾತ್ರ ಹೊಡೆಯುವುದು ಎನ್ನುವುದು ನಮ್ಮ ಇನ್ನೊಂದು ತೀರ್ಮಾನ. ಡಾಲ್ಟನ್ ಹೈವೇ ಸುತ್ತ ಓಡಾಡುವ ಹಿಂಡಿಗೆ 'ಸೆಂಟ್ರಲ್ ಆರ್ಕ್ಟಿಕ್ ಹಿಂಡು' ಅನ್ನುತ್ತಾರೆ. 2010ರ ಸುಮಾರಿಗೆ ಅದರಲ್ಲಿ 70,000ದ ಹತ್ತಿರ ಕ್ಯಾರಿಬೂ ಇದ್ದವು. 2016ರ ಎಣಿಕೆಯಲ್ಲಿ ಸುಮಾರು 22,000ಕ್ಕೆ ಇಳಿದಿತ್ತು. ಆಮೇಲೆ ಸ್ವಲ್ಪ ಚೇತರಿಸಿದೆ. ಕ್ಯಾರಿಬೂ ಹಿಂಡುಗಳು ಹೀಗೆ ಏರುವುದು ಇಳಿಯುವುದು ಹೊಸದಲ್ಲ. ಅಲಾಸ್ಕಾದ ಬೇಟೆ ಇಲಾಖೆಯೂ ಅದಕ್ಕೆ ತಕ್ಕಂತೆ ನಿಯಮ ಬಿಗಿ ಮಾಡುತ್ತದೆ, ಸಡಿಲ ಮಾಡುತ್ತದೆ. ಮರಿ ಹಾಕುವ ಹೆಣ್ಣನ್ನು ಬಿಟ್ಟುಬಿಡುವುದು ನಮ್ಮ ಕೈಯಲ್ಲಿರುವ ಕೆಲಸ.

ಆದರೆ ಗುರುತಿಸುವುದು ಸುಲಭ ಅಲ್ಲ. ಜಿಂಕೆ ಜಾತಿಯಲ್ಲಿ ಹೆಣ್ಣಿಗೂ ಕೊಂಬಿರುವುದು ಕ್ಯಾರಿಬೂವಿನಲ್ಲಿ ಮಾತ್ರ. ಎಳೆಯ ಗಂಡು ಮತ್ತು ಬೆಳೆದ ಹೆಣ್ಣು ದೂರದಿಂದ ಒಂದೇ ಥರ ಕಾಣುತ್ತವೆ. ಹಿಂದಿನಿಂದ ನೋಡಿದಾಗ ಬಾಲದ ಕೆಳಗೆ ಕಪ್ಪು ಗುರುತು ಇದ್ದರೆ ಅದು ಹೆಣ್ಣು. ಒಳ್ಳೆಯ ಬೈನಾಕ್ಯುಲರ್ ಇಲ್ಲದೆ ಇದು ಆಗದ ಕೆಲಸ. ದುಡ್ಡು ಉಳಿಸಬೇಕೆಂದರೆ ಬೇರೆ ಎಲ್ಲಾದರೂ ಉಳಿಸಿ, ಬೈನಾಕ್ಯುಲರ್‌ನಲ್ಲಿ ಬೇಡ. ಇನ್ನೊಂದು ಮಾತು. ಇಲ್ಲಿನ ಮೂಲನಿವಾಸಿ ಹಿರಿಯರು ಮೊದಲು ಬರುವ ಗುಂಪನ್ನು ಹೋಗಲು ಬಿಡಿ ಎಂದು ಹೇಳುತ್ತಾರೆ. ಮುಂದಾಳುಗಳು ನೆಮ್ಮದಿಯಾಗಿ ದಾಟಿದರೆ ಹಿಂದಿನವು ಅದೇ ದಾರಿಯಲ್ಲಿ ಬರುತ್ತವೆ, ಹೆದರಿಸಿದರೆ ಇಡೀ ಹಿಂಡು ಬೇರೆ ದಾರಿ ಹಿಡಿಯುತ್ತದೆ. ಈ ಪ್ರಾಣಿಯನ್ನು ನಂಬಿ ಬದುಕಿದವರ ಮಾತು ಅದು. ಅದರಂತೆ ನಡೆಯುತ್ತೇವೆ.

ಆಗಸ್ಟ್ ಕೊನೆಯೇ ಯಾಕೆ? ಸೊಳ್ಳೆ. ಜೂನ್, ಜುಲೈನಲ್ಲಿ ಟಂಡ್ರಾ ಸೊಳ್ಳೆಗಳು ಮನುಷ್ಯರನ್ನಷ್ಟೇ ಅಲ್ಲ, ಕ್ಯಾರಿಬೂಗಳನ್ನೂ ಓಡಿಸುತ್ತವೆ. ಗಾಳಿ ಇರುವ ಕರಾವಳಿಗೆ ಹಿಂಡುಗಳು ಹೋಗುವುದಕ್ಕೆ ಅದೂ ಒಂದು ಕಾರಣ. ಆಗಸ್ಟ್ ಕೊನೆಗೆ ರಾತ್ರಿ ಹಿಮ ಬೀಳಲು ಶುರುವಾಗಿ ಸೊಳ್ಳೆ ಸಾಯುತ್ತವೆ, ಮಾಂಸಕ್ಕೆ ಬೇಕಾದ ತಂಪೂ ಸಿಗುತ್ತದೆ. ಸೆಪ್ಟೆಂಬರ್ ಕೊನೆಗೆ ತಡ ಮಾಡಿದರೆ ಗಂಡುಗಳು ಬೆದೆಗೆ ಬರುತ್ತವೆ, ಮಾಂಸ ನಾರುತ್ತದೆ, ತಿನ್ನಲಾಗುವುದಿಲ್ಲ. ಇದರ ಮಧ್ಯದ ಕೆಲವೇ ವಾರಗಳಲ್ಲಿ ಟಂಡ್ರಾ ಕೆಂಪಗೆ ತಿರುಗಿರುತ್ತದೆ. ಬ್ಲೂಬೆರಿ ಹಣ್ಣಾಗಿರುತ್ತದೆ. ಅಷ್ಟು ಉತ್ತರದಲ್ಲಿ ರಾತ್ರಿ ಎನ್ನುವುದು ಮತ್ತೆ ಬರತೊಡಗಿರುತ್ತದೆ, ಮೋಡ ಇಲ್ಲದಿದ್ದರೆ ಅರೋರಾ, ಆಕಾಶದ ಆ ಬಣ್ಣದ ಬೆಳಕು, ಕಾಣುತ್ತದೆ.

ನನಗೆ ಈ ದಿನಗಳಲ್ಲಿ ಊರಿನ ನೆನಪು ಜಾಸ್ತಿ. ಸೆಪ್ಟೆಂಬರ್ ಮೊದಲ ವಾರ ನಮ್ಮಲ್ಲಿ ಕೈಲ್ ಪೊಳ್ದ್. ನಾಟಿ ಕೆಲಸ ಮುಗಿದು, ಕೋವಿ, ಕತ್ತಿಗಳನ್ನು ತೊಳೆದು, ಹೂವಿಟ್ಟು ಪೂಜೆ ಮಾಡುವ ಹಬ್ಬ. ಹಿಂದೆ ಆ ಹಬ್ಬದ ಮಾರನೆಯ ದಿನಗಳಲ್ಲಿ ಗಂಡಸರೆಲ್ಲ ಕಾಡಿಗೆ ಬೇಟೆಗೆ ಹೋಗುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ನಿಂತಿತು. ಈಗ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ನಿಂತದ್ದು ಸರಿಯಾಯಿತು ಎಂದೇ ನನ್ನ ಅಭಿಪ್ರಾಯ. ಅಷ್ಟು ಸಣ್ಣ ಕಾಡು, ಅಷ್ಟು ಜನ, ಉಳಿದಿರುವ ಪ್ರಾಣಿಗಳು ಎಷ್ಟು? ಇಲ್ಲಿ ಹಿಂಡನ್ನು ಎಣಿಸಿ, ಎಷ್ಟು ತೆಗೆಯಬಹುದು ಎಂದು ನೋಡಿ ಪರವಾನಗಿ ಕೊಡುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಅಲ್ಲಿ ಬೇಟೆ ತಪ್ಪು, ಇಲ್ಲಿ ಹೇಗೆ ಸರಿ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ.

ಇನ್ನು ರಸ್ತೆ. ಪೆಟ್ರೋಲ್ ಸಿಗುವುದು ಮೂರೇ ಕಡೆ (ಮೈಲಿ ಎಣಿಕೆ ಡಾಲ್ಟನ್ ಶುರುವಾಗುವಲ್ಲಿಂದ): 56ನೇ ಮೈಲಿಯ ಯೂಕಾನ್ ನದಿ ದಂಡೆ, 175ನೇ ಮೈಲಿಯ ಕೋಲ್ಡ್‌ಫುಟ್, ಕೊನೆಗೆ ಡೆಡ್‌ಹಾರ್ಸ್. ಕೋಲ್ಡ್‌ಫುಟ್ ಬಿಟ್ಟರೆ ಮುಂದಿನ 240 ಮೈಲಿ ಏನೂ ಇಲ್ಲ. ಅಂಗಡಿ ಇಲ್ಲ, ಮೆಕ್ಯಾನಿಕ್ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ನಾವು ಡೆಡ್‌ಹಾರ್ಸ್‌ವರೆಗೆ ಹೋಗುವುದಿಲ್ಲ, ಮಧ್ಯದಲ್ಲೇ ಟೆಂಟ್ ಹಾಕಿ ಹಿಂದೆ ಮುಂದೆ ಓಡಾಡುತ್ತೇವೆ. ಹಾಗಾಗಿ ಎರಡು ಜೆರ್ರಿಕ್ಯಾನ್ ಪೆಟ್ರೋಲ್ ಹೆಚ್ಚುವರಿ ಬೇಕೇ ಬೇಕು.

ಈ ಕೋಲ್ಡ್‌ಫುಟ್ ಕ್ಯಾಂಪ್ ಶುರುವಾದ ಕಥೆ ನನಗೆ ಬಹಳ ಇಷ್ಟ. 1978ರ ಇಡಿಟರಾಡ್ ನಾಯಿಬಂಡಿ ಓಟವನ್ನು ಒಂದೇ ಒಂದು ಸೆಕೆಂಡ್ ಅಂತರದಲ್ಲಿ ಗೆದ್ದ ಡಿಕ್ ಮ್ಯಾಕಿ, 1981ರಲ್ಲಿ ಒಂದು ಹಳೆಯ ಸ್ಕೂಲ್ ಬಸ್ ತಂದು ನಿಲ್ಲಿಸಿ ಲಾರಿ ಚಾಲಕರಿಗೆ ಹ್ಯಾಂಬರ್ಗರ್ ಮಾಡಿಕೊಡಲು ಶುರು ಮಾಡಿದರು. ಅದೇ ಬೆಳೆದು ಈಗಿನ ಕ್ಯಾಂಪ್ ಆಗಿದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಲ್ಲಿ ಬಿಸಿ ಊಟ ಎಂದು ಪ್ಲಾನಿನಲ್ಲೇ ಬರೆದಿದ್ದೇವೆ.

ಟೈರ್ ಬಗ್ಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಕಾರಿನ ಜೊತೆ ಬರುವ ಸಣ್ಣ ಸ್ಟೆಪ್ನಿ ಇಲ್ಲಿ ಉಪಯೋಗವಿಲ್ಲ. ಪೂರ್ತಿ ಅಳತೆಯ ಎರಡು ಸ್ಪೇರ್ ಟೈರ್, ರಿಮ್ ಸಮೇತ. ನಮ್ಮ ಪಿಕಪ್‌ಗೆ ಹತ್ತು ಪದರದ ಲಾರಿ ಟೈರ್ ಹಾಕಿಸಿದ್ದೇವೆ. ಪಂಕ್ಚರ್ ಪ್ಲಗ್, ಗಾಳಿ ತುಂಬುವ ಪಂಪು, ಜ್ಯಾಕ್, ಜ್ಯಾಕಿನ ಅಡಿಗೆ ಇಡಲು ಒಂದು ದಪ್ಪ ಹಲಗೆ. ಹಲಗೆ ಇಲ್ಲದಿದ್ದರೆ ಸಡಿಲ ಜಲ್ಲಿಯಲ್ಲಿ ಜ್ಯಾಕ್ ಹೂತುಹೋಗುತ್ತದೆ. ಗೆಳತಿ ಮತ್ತು ನಾನು ಮನೆ ಮುಂದೆ ಜಲ್ಲಿಯ ಮೇಲೆ ಟೈರ್ ಬದಲಿಸಿ ನೋಡಿದೆವು, ತಲಾ ಒಂದು ಸಲ, ಇನ್ನೊಬ್ಬರ ಸಹಾಯ ತೆಗೆದುಕೊಳ್ಳದೆ. ಬಾಡಿಗೆ ಕಾರಿನಲ್ಲಿ ಹೋಗುವ ಯೋಚನೆ ಇದ್ದರೆ ಕರಾರು ಓದಿ. ಹೆಚ್ಚಿನ ಬಾಡಿಗೆ ಕಂಪನಿಗಳು ಈ ರಸ್ತೆಗೆ ಬಿಡುವುದೇ ಇಲ್ಲ.

ಈ ರಸ್ತೆ ಲಾರಿಗಳದ್ದು. ಎಣ್ಣೆ ಬಾವಿಗಳಿಗೆ ಸಾಮಾನು ಹೊತ್ತ ಲಾರಿ ಎದುರು ಬಂದರೆ ವೇಗ ಇಳಿಸಿ, ಬಲಕ್ಕೆ ಸರಿದು ಅದಕ್ಕೆ ಜಾಗ ಬಿಡಬೇಕು. ವೇಗದಲ್ಲಿ ಎದುರಾದರೆ ಹಾರುವ ಕಲ್ಲಿಗೆ ಗಾಜು ಒಡೆಯುತ್ತದೆ. ಹೆಡ್‌ಲೈಟ್ ಹಗಲೂ ಆನ್. ಸಿಬಿ ರೇಡಿಯೋ ಇಟ್ಟುಕೊಳ್ಳುವುದು ಒಳ್ಳೆಯದು, ಚಾಲಕರು 19ನೇ ಚಾನೆಲ್‌ನಲ್ಲಿ ಇರುತ್ತಾರೆ. ಕಡಿದಾದ ಏರು ಹತ್ತುವಾಗ, ತಿರುವು ಬರುವಾಗ ಅವರೇ ಕರೆದು ಹೇಳುತ್ತಾರೆ. ಪ್ರಾಣಿ ಕಂಡಿತೆಂದು ರಸ್ತೆ ನಡುವೆ ಗಾಡಿ ನಿಲ್ಲಿಸುವವರ ಮೇಲೆ ಅವರಿಗೆ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ, ಅಷ್ಟು ತೂಕದ ಗಾಡಿಯನ್ನು ಇಳಿಜಾರಿನಲ್ಲಿ ತಟ್ಟಂತ ನಿಲ್ಲಿಸಲು ಆಗುವುದಿಲ್ಲ.

ಯೂಕಾನ್ ಸೇತುವೆಯೇ ಇಳಿಜಾರು. 2,295 ಅಡಿ ಉದ್ದ, ಮರದ ಹಲಗೆಯ ಮೈ. 115ನೇ ಮೈಲಿಯಲ್ಲಿ ಆರ್ಕ್ಟಿಕ್ ವೃತ್ತದ ಬೋರ್ಡು, ಅಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. 244ನೇ ಮೈಲಿಯಲ್ಲಿ ಅಟಿಗನ್ ಪಾಸ್, 4,739 ಅಡಿ ಎತ್ತರ. ಆಗಸ್ಟ್‌ನಲ್ಲೂ ಅಲ್ಲಿ ಹಿಮ ಬೀಳಬಹುದು. ಹಾಗಾಗಿ ಹಿಮದ ಚೈನು ಪಿಕಪ್‌ನಲ್ಲಿ ಈಗಾಗಲೇ ಇದೆ. ಘಾಟಿ ಇಳಿದು 275ನೇ ಮೈಲಿಗೆ ಬಂದರೆ ಗ್ಯಾಲ್‌ಬ್ರೆತ್ ಸರೋವರ. ಮೊದಲ ರಾತ್ರಿ ಅಲ್ಲಿ ಟೆಂಟ್.

ಉದ್ದಕ್ಕೂ ಪಕ್ಕದಲ್ಲೇ ಪೈಪ್‌ಲೈನ್ ಬರುತ್ತಿರುತ್ತದೆ, 48 ಇಂಚು ಅಗಲದ್ದು, ಎಷ್ಟೋ ಕಡೆ ಕಂಬಗಳ ಮೇಲೆ. 2001ರಲ್ಲಿ ಲಿವೆನ್‌ಗುಡ್ ಹತ್ತಿರ ಒಬ್ಬ ರೈಫಲ್‌ನಿಂದ ಅದಕ್ಕೆ ಗುಂಡು ಹೊಡೆದ. ತೂತಾಗಿ ಸುಮಾರು 2,85,000 ಗ್ಯಾಲನ್ ಎಣ್ಣೆ ಚೆಲ್ಲಿತು. ಪೈಪಿಗೆ ಹೋಗುವ ಅಡ್ಡರಸ್ತೆಗಳ ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ, ಪೈಪಿನ ಕಡೆ ಬಾಣವನ್ನೂ ಬಿಡಬೇಡಿ.

ಮಾಂಸಕ್ಕೆ ವಾಪಸ್ ಬರುತ್ತೇನೆ, ಯಾಕೆಂದರೆ ನಮ್ಮ ಸಾಮಾನಿನಲ್ಲಿ ಅರ್ಧ ಅದಕ್ಕೇ. ಪ್ರಾಣಿ ಬಿದ್ದ ತಕ್ಷಣ ಚರ್ಮ ತೆಗೆಯಬೇಕು. ಕ್ಯಾರಿಬೂವಿನ ಕೂದಲು ಒಳಗೆ ಟೊಳ್ಳು, ಶಾಖವನ್ನು ಹಿಡಿದಿಡುತ್ತದೆ. ಚಳಿ ಇದೆಯಲ್ಲ ಎಂದು ಹಾಗೇ ಬಿಟ್ಟರೆ ದಪ್ಪ ಮಾಂಸ ಮೂಳೆಯ ಹತ್ತಿರ ಕೆಡುತ್ತದೆ. ಆಮೇಲೆ ಗಾಳಿಯಾಡುವ ಬಟ್ಟೆಯ ಚೀಲ. ಪ್ಲಾಸ್ಟಿಕ್ ಬೇಡವೇ ಬೇಡ. ಮೇಲೆ ಮಳೆಗೆ ಒಂದು ಟಾರ್ಪಾಲು, ಆದರೆ ಮೈಗೆ ತಾಗದ ಹಾಗೆ ಎತ್ತರದಲ್ಲಿ. ತೂಗುಹಾಕಲು ಮರ ಇಲ್ಲದ ಕಡೆ ಮಾಂಸವನ್ನು ಟೆಂಟ್‌ನಿಂದ ದೂರ, ಆದರೆ ಕಣ್ಣಿಗೆ ಕಾಣುವ ಹಾಗೆ ಇಡುತ್ತೇವೆ. ಸುತ್ತ ಬ್ಯಾಟರಿಯಿಂದ ನಡೆಯುವ ಸಣ್ಣ ಕರೆಂಟ್ ಬೇಲಿ. ಇಬ್ಬರ ಸೊಂಟದಲ್ಲೂ ಕರಡಿ ಸ್ಪ್ರೇ, ಚೀಲದೊಳಗೆ ಅಲ್ಲ. ಎರಡು ಚಾಕು, ಒಂದು ಸಾಣೆಕಲ್ಲು. ಹೊರೆ ಹೊರಲು ಅಲ್ಯೂಮಿನಿಯಂ ಚೌಕಟ್ಟಿನ ಬೆನ್ನುಚೀಲ. ಬೇಸಿಗೆಯಿಡೀ ನಾನು ಅದರಲ್ಲಿ ಅಕ್ಕಿ ಮೂಟೆ ಹಾಕಿಕೊಂಡು ಮನೆ ಹಿಂದಿನ ಗುಡ್ಡ ಹತ್ತಿ ಇಳಿದಿದ್ದೇನೆ. ಬೂಟು ಮಂಡಿವರೆಗಿನ ರಬ್ಬರಿನದು. ಚರ್ಮದ ಬೂಟು ಒಳಗೆ ನೀರು ತುಂಬಿದರೆ ಮೂರು ದಿನವಾದರೂ ಒಣಗುವುದಿಲ್ಲ.

ಊಟಕ್ಕೆ ಅವಲಕ್ಕಿ, ಚಟ್ನಿಪುಡಿ, ಒಣ ಸೂಪು, ಹುರಿದ ಶೇಂಗಾ. ಚಳಿಯಲ್ಲಿ ಹಸಿವು ಜಾಸ್ತಿ, ಅದಕ್ಕೇ ಬೆಲ್ಲ ಸ್ವಲ್ಪ ಹೆಚ್ಚೇ. ಅಮ್ಮ ಕಳಿಸಿದ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಬಾಟಲಿ ಮಾತ್ರ ಮನೆಯಲ್ಲೇ ಇರುತ್ತದೆ. ಕ್ಯಾರಿಬೂ ಮಾಂಸಕ್ಕೆ ಕೊಬ್ಬು ಕಡಿಮೆ. ಹಂದಿ ಮಾಂಸದ ಹಾಗೆ ತನ್ನ ಕೊಬ್ಬಿನಲ್ಲೇ ಬೇಯುವುದಿಲ್ಲ, ಎಣ್ಣೆ ಹಾಕಿ ನಿಧಾನಕ್ಕೆ ಬೇಯಿಸಬೇಕು. ಆದರೆ ಹುರಿದ ಜೀರಿಗೆ, ಸಾಸಿವೆ, ಮೆಣಸಿನ ಕಪ್ಪು ಮಸಾಲೆ ಮತ್ತು ಕೊನೆಗೆ ಕಾಚಂಪುಳಿ ಬಿದ್ದರೆ ರುಚಿಯಲ್ಲಿ ಏನೂ ಕಡಿಮೆ ಇಲ್ಲ. ಜೊತೆಗೆ ಕಡಂಬಟ್ಟು, ಅಕ್ಕಿ ಕಡುಬು. ಮಾಂಸ ಸಿಕ್ಕಿದರೆ ಒಂದು ಪಾಲು ಗೆಳತಿಯ ಅಜ್ಜಿಗೆ, ಒಂದು ಪಾಲು ಪಕ್ಕದ ಮನೆಗೆ ಎಂದು ಈಗಲೇ ಮಾತಾಗಿದೆ.

ಮನೆಯಲ್ಲಿ ಬಿಟ್ಟು ಹೋಗುವ ಕಾಗದ ಒಂದು ಬಾಕಿ ಇತ್ತು, ನಿನ್ನೆ ರಾತ್ರಿ ಬರೆದು ಮುಗಿಸಿದೆ. ಯಾವ ಮೈಲಿಗಲ್ಲಿನ ಹತ್ತಿರ ಟೆಂಟ್, ಗಾಡಿಯ ಬಣ್ಣ ಮತ್ತು ನಂಬರ್, ಯಾವ ದಿನ ವಾಪಸ್. ಸ್ಯಾಟಲೈಟ್ ಮೆಸೆಂಜರ್‌ನಿಂದ ದಿನಾ ಸಂಜೆ ಒಂದು ಸಂದೇಶ ಕಳಿಸುತ್ತೇನೆ. ಒಂದು ಸಂಜೆ ಬರದಿದ್ದರೆ ಗಾಬರಿ ಬೇಡ, ಬ್ಯಾಟರಿ ಮುಗಿದಿರಬಹುದು. ಮಾರನೆಯ ಮಧ್ಯಾಹ್ನದವರೆಗೂ ಬರದಿದ್ದರೆ ಟ್ರೂಪರ್‌ಗಳಿಗೆ, ಅಂದರೆ ರಾಜ್ಯದ ಪೊಲೀಸರಿಗೆ, ಫೋನ್ ಮಾಡಬೇಕು. ಗಂಡ ಅದನ್ನು ಓದಿ, 'ಮಧ್ಯಾಹ್ನ' ಅಂದರೆ ಎಷ್ಟು ಗಂಟೆ ಎಂದು ಕೇಳಿದರು. ಹನ್ನೆರಡು ಎಂದು ಬರೆದು ಫ್ರಿಜ್‌ಗೆ ಅಂಟಿಸಿದ್ದೇವೆ.

ಇನ್ನು ಉಳಿದಿರುವುದು ಫಾಕ್ಸ್ ಎಂಬ ಊರಿನ ನೀರಿನ ಬುಗ್ಗೆಯಲ್ಲಿ ಕುಡಿಯುವ ನೀರು ತುಂಬಿಸುವುದು ಮತ್ತು ಈ ವರ್ಷದ ಬೇಟೆ ನಿಯಮದ ಪುಸ್ತಕವನ್ನು ಇನ್ನೊಮ್ಮೆ ಓದುವುದು. ಈ ಕಡೆ ಬರುವವರು ನನ್ನ ಬರಹ ನೋಡಿ ಹೊರಡಬೇಡಿ, ಆ ಪುಸ್ತಕ ನೋಡಿ ಹೊರಡಿ. ಎಷ್ಟು, ಯಾವುದು, ಯಾವ ದಿನದಿಂದ ಎನ್ನುವುದು ಬದಲಾಗುತ್ತಲೇ ಇರುತ್ತದೆ. ಅಮೆರಿಕದ ಪ್ರಜೆಯೂ ಅಲ್ಲದೆ, ಅಲಾಸ್ಕಾದ ನಿವಾಸಿಯೂ ಅಲ್ಲದವರಾದರೆ ಕ್ಯಾರಿಬೂಗೂ ಗೈಡ್ ಕಡ್ಡಾಯ. ಬೆಂಗಳೂರಿನಿಂದ ಬರುತ್ತೇನೆ, ನಿನ್ನ ಜೊತೆ ಬೇಟೆ ಆಡುತ್ತೇನೆ ಎನ್ನುವ ಕಸಿನ್‌ಗಳು ಇದನ್ನು ಗಮನಿಸಿ. ಹೊರೆ ಹೊರಲು ಬರುವುದಾದರೆ ಮಾತ್ರ ಯಾವ ಪರವಾನಗಿಯೂ ಬೇಡ, ಇವತ್ತೇ ಟಿಕೆಟ್ ಮಾಡಿಸಿ.